ಖಡಕ್ ರೊಟ್ಟಿಯ ಯುರೋಪ್ ಪ್ರವಾಸ

ಮಾನ್ವಿಗೆ ರೈಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಓಣಿಯ ಸುಂಕಪ್ಪನ ಮಾತು ಕೇಳಿದವರು ಮಾನ್ವಿಯೇ ಒಂದು ದೊಡ್ಡ ಜಂಕ್ಷನ್ ಎಂದು ತಿಳಿಯುವ ಸಂಭವವಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನ ಬಗಲಲ್ಲಿ ಸದಾ ಒಂದು ರೈಲ್ವೆ ಟೈಂ ಟೇಬಲ್ ಪುಸ್ತಕ. ಹಿರೇಕೊಟ್ನೆಕಲ್ಲಿನವರು ತಿರುಪತಿಗೆ ಹೋಗಲಿ, ಕವಿತಾಳದವರು ಪಂಢರಪುರಕ್ಕೆ ಹೋಗಲಿ, ಮೊದಲು ಸುಂಕಪ್ಪನ ಕಟ್ಟೆಗೆ ಬಂದು ಕೂರಬೇಕು. “ರಾಯಚೂರಾಗ ಮೇಲ್ ಹಿಡೀರಿ, ಗುಂತಕಲ್‌ನಾಗ ಇಳೀರಿ, ಹಳಿ ದಾಟಬ್ಯಾಡ್ರಿ, ಸೇತುವಿ ಹತ್ತಿ ಹೋಗ್ರಿ” ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ನಾನು ವೆಂಕೋಬ, ಅವನ ಪಕ್ಕದ ಮನೆಯವನು, ಪೋಸ್ಟ್‌ಮನ್. ಟಪಾಲು ಯಾವ ರೈಲಿನಲ್ಲಿ ಬರುತ್ತದೆ ಅನ್ನುವುದು ಟಪಾಲು ಹಂಚುವ ನನಗಿಂತ ಅವನಿಗೇ ಹೆಚ್ಚು ಗೊತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಎಂಬತ್ತೆರಡನೇ ಇಸವಿಯ ಬೇಸಿಗೆ. ಕಚೇರಿಯ ಇನ್ನೊಬ್ಬ ಗುಮಾಸ್ತ ಸಿದ್ದರಾಮಪ್ಪ ಕಾಶಿಗೆ ಹೋಗಿ ಬಂದ. ಹೋಗಿ ಬಂದದ್ದು ಹನ್ನೆರಡು ದಿನ, ಅದರ ವರ್ಣನೆ ಮಾಡಿದ್ದು ಎರಡು ತಿಂಗಳು. ಫೈಲು ಕೇಳಲು ಬಂದ ರೈತರಿಗೂ ಮೊದಲು ಗಂಗಾನದಿ ತೋರಿಸಿ ಆಮೇಲೆ ಪಹಣಿ ತೋರಿಸುತ್ತಿದ್ದ. ಒಂದು ದಿನ ಚಾದಂಗಡಿಯಲ್ಲಿ ಹತ್ತು ಮಂದಿಯ ನಡುವೆ ಅವನು, “ಏನೋ ಸುಂಕಪ್ಪ, ಊರಿಗೆಲ್ಲಾ ದಾರಿ ಹೇಳ್ತಿ, ನೀ ಎಲ್ಲಿಗಿ ಹೋಗಿದ್ದೆಪಾ?” ಅಂದ.

ಸುಂಕಪ್ಪನ ಕಿವಿ ಕೆಂಪಾದವು. “ಕಾಶಿ ಏನ್ ದೊಡ್ಡದು ಬಿಡು. ನಾ ವಿಲಾಯತಿಗೆ ಪ್ಲಾನ್ ಹಾಕೀನಿ” ಅಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಪ್ಲಾನ್ ಹಾಕಿದ್ದು ನಿಜವೇ. ಹೈಸ್ಕೂಲಿನಿಂದ ತಂದು ವಾಪಸು ಕೊಡದ ಅಟ್ಲಾಸ್ ಇಟ್ಟುಕೊಂಡು ಎರಡು ವರ್ಷದಿಂದ ಅವನು ನೋಟ್‌ಬುಕ್ಕಿನಲ್ಲಿ ಯುರೋಪು ಸುತ್ತುತ್ತಿದ್ದ. ಅಲ್ಲೇ ಅದನ್ನು ಬಿಚ್ಚಿ ಓದಿದ. ಮುಂಬಯಿಯಿಂದ ರೋಮಿಗೆ ವಿಮಾನ. ಅಲ್ಲಿಂದ ಮುಂದೆ ಬರೀ ರೈಲು. ಒಂದೇ ಪಾಸು ತಗೊಂಡರೆ ಎಷ್ಟೋ ದೇಶ ತಿರುಗಬಹುದು. ವಿಯೆನ್ನಾ, ಪ್ಯಾರಿಸ್, ಲಂಡನ್. ಹಗಲು ಊರು ನೋಡುವುದು, ರಾತ್ರಿ ರೈಲಿನಲ್ಲೇ ಮಲಗುವುದು, ಹಾಗಾಗಿ ಲಾಡ್ಜಿನ ಖರ್ಚಿಲ್ಲ. ಸ್ನಾನ ಸ್ಟೇಷನ್ನಿನ ನಳದ ಕೆಳಗೆ. ಊಟಕ್ಕೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಎರಡಕ್ಕೂ ನಾಲ್ಕು ತಿಂಗಳಾದರೂ ಏನೂ ಆಗುವುದಿಲ್ಲ. ಒಟ್ಟು ಇಪ್ಪತ್ತೊಂದು ದಿನ.

“ಭಾಷಾ ಬರಲಾರ್ದ ರೈಲು ಹೆಂಗ ಬದಲಿ ಮಾಡ್ತಿ?” ಎಂದು ಸಿದ್ದರಾಮಪ್ಪ ಕೇಳಿದ.

“ಎಲ್ಲಾ ದೇಶದಾಗೂ ಒಂದು ಗುಂತಕಲ್ ಇದ್ದೇ ಇರ್ತದ. ಅದನ್ನ ಹುಡುಕಿದ್ರ ಮುಗೀತು” ಅಂದ ಸುಂಕಪ್ಪ.

 ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಚಾದಂಗಡಿಯ ಮಾತು ಸುಂಕಪ್ಪನಿಗಿಂತ ಮೊದಲು ಅವನ ಮನೆ ಮುಟ್ಟಿತು. ಹೆಂಡತಿ ಬಾಣಂತನಕ್ಕೆ ದೇವದುರ್ಗದ ತವರಿಗೆ ಹೋಗಿದ್ದಳು, ಮನೆಯಲ್ಲಿ ತಾಯಿ ಮೂಕಮ್ಮ ಇದ್ದಳು. ಹರೆಯದಲ್ಲಿ ಕಾಲುವೆ ಕೆಲಸದಲ್ಲಿ ತಲೆಯ ಮೇಲೆ ಮಣ್ಣು ಹೊತ್ತು, ಗಂಡ ಸತ್ತ ಮೇಲೂ ಹೊತ್ತು, ಮಗನನ್ನು ಓದಿಸಿ ಕುರ್ಚಿಯಲ್ಲಿ ಕೂರಿಸಿದವಳು. ಸುದ್ದಿ ಕೇಳಿದವಳೇ ಎದ್ದು ಓಣಿಯ ಮೂವತ್ತು ಮನೆಗೂ ಹೋಗಿ, “ನನ್ನ ಮಗ ವಿಲಾಯತಿಗಿ ಹೊಂಟಾನ” ಎಂದು ಹೇಳಿ ಬಂದಳು. ಸಂಜೆ ಸುಂಕಪ್ಪ ಬರುವಾಗ ಅಂಗಳದಲ್ಲಿ ಹೆಂಗಸರು ತುಂಬಿದ್ದರು.

“ಎಷ್ಟ್ ದಿನ ಅಂದಿ?” ಮೂಕಮ್ಮ ಕೇಳಿದಳು.

“ಇಪ್ಪತ್ತೊಂದು... ಯವ್ವಾ, ಅದು ಬರೇ...”

“ಹೊತ್ತಿಗಿ ನಾಕು ರೊಟ್ಟಿ. ದಿನಕ್ಕ ಮೂರು ಹೊತ್ತು. ವೆಂಕೋಬ, ಲೆಕ್ಕಾ ಹಾಕಪಾ.”

ನಾನು ಹಾಕಿದೆ. ಇನ್ನೂರಾ ಐವತ್ತೆರಡು.

“ಅಷ್ಟು ಸಾಲದು” ಎಂದಳು ಎದುರು ಮನೆಯ ರಂಜಾನಬಿ. “ಬೋಗಿಯಾಗ ಎದುರಿಗಿ ಕುಂತವರಿಗಿ ಕೊಡಲಾರ್ದ ಒಬ್ಬನ ಹೆಂಗ ತಿಂತಾನ?”

“ಅವರು ಬಿಳೇ ಮಂದಿ, ರೊಟ್ಟಿ ತಿನ್ನಾಂಗಿಲ್ಲ ಚಿಗವ್ವ” ಎಂದು ಸುಂಕಪ್ಪ ಗೋಗರೆದ.

“ಬೆಳ್ಳಗಿದ್ರ ಹೊಟ್ಟಿ ಇರಾಂಗಿಲ್ಲೇನು? ಕೊಡೋದು ನಮ್ಮ ಧರ್ಮ. ತಿನ್ನೋದು ಬಿಡೋದು ಅವರ ನಸೀಬ.”

 ರೊಟ್ಟಿ ಎರಡರಷ್ಟಾದವು, ಐನೂರಾ ನಾಲ್ಕು.

ಮರುದಿನ ಬೆಳಗಿನಿಂದ ಓಣಿಯ ತುಂಬ ದಪ್ ದಪ್ ಎಂದು ರೊಟ್ಟಿ ಬಡಿಯುವ ಸದ್ದು. ಮನೆಗೆ ಹದಿನಾರು ಹದಿನೇಳರಂತೆ ಪಾಲು ಹಂಚಿಕೆಯಾಗಿತ್ತು. ಗಂಡಸರಿಗೆ ಬಿಸಿ ಊಟವಿಲ್ಲ. ಕೇಳಿದರೆ, “ತಡೀರಿ, ಮದ್ಲ ಪ್ಯಾರಿಸ್ಸಿನವು ಆಗ್ಲಿ” ಎಂಬ ಉತ್ತರ. ಮೂರನೆಯ ದಿನ ದೇವದುರ್ಗದ ಬಸ್ಸಿನಿಂದ ಸುಂಕಪ್ಪನ ಅತ್ತೆ ಕನಕಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಇಳಿದಳು. ಒಳಗೆ ನೂರಾ ಒಂದು ರೊಟ್ಟಿ.

“ನಿಮ್ಮ ಮಾನ್ವಿ ರೊಟ್ಟಿ ದಪ್ಪ. ಪರದೇಶದಾಗ ನಮ್ಮ ಅಳಿಯನ ಮಾನ ಹೋಗಬಾರದಂತ ದೇವದುರ್ಗದ್ದು ತಂದೀನಿ” ಅಂದಳು. ಅಲ್ಲಿಗೆ ಮಾನ್ವಿ ಮತ್ತು ದೇವದುರ್ಗದ ನಡುವೆ ನಡೆದ ಮಾತುಕತೆಯನ್ನು ಸರ್ಕಾರಿ ನೌಕರನಾದ ನಾನು ಬರೆಯುವಂತಿಲ್ಲ.

ರೊಟ್ಟಿಗಳನ್ನು ಬಿದಿರು ಬುಟ್ಟಿಗಳಲ್ಲಿ ಜೋಡಿಸಿ ಧೋತರದಲ್ಲಿ ಬಿಗಿದು ಗಂಟು ಹಾಕಿ, ಆ ಗಂಟಿನ ಮೇಲೆ ಮೂಕಮ್ಮ ಅರಿಷಿಣ ಹಚ್ಚಿದಳು. ನಮ್ಮ ಕಡೆ ಇದು ಹುಡುಗಾಟವಲ್ಲ. ಪರಸ್ಥಳಕ್ಕೆಂದು ಕಟ್ಟಿದ ಬುತ್ತಿಯನ್ನು ಮನೆಯಲ್ಲಿ ಬಿಚ್ಚಬಾರದು. ಬಿಚ್ಚಿದರೆ ಹೋಗಬೇಕಾದವನಿಗೆ ಕೇಡು. ಆರುನೂರಾ ಐದು ರೊಟ್ಟಿಯ ಗಂಟು ಬಿದ್ದಿತ್ತು. ಇನ್ನು ಸುಂಕಪ್ಪ ಎಲ್ಲಿಗಾದರೂ ಹೋಗಲೇಬೇಕಿತ್ತು.

ಅವತ್ತು ಅವನು ನನ್ನ ಮನೆಯ ಹಿತ್ತಿಲಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತ. “ವೆಂಕೋಬ, ವಿಮಾನದ ಟಿಕೀಟಿಗಿ ನನ್ನ ಎರಡು ವರ್ಷದ ಪಗಾರ ಸಾಲಾಂಗಿಲ್ಲೋ. ನಾ ಎಲ್ಲೂ ಹೋಗಾಂಗಿಲ್ಲ.”

“ಹಂಗಾದ್ರ ನಿಮ್ಮವ್ವಗ ಹೇಳಿಬಿಡು.”

“ಹೆಂಗ ಹೇಳ್ಲಿ? ಆಕಿ ಹುಟ್ಟಿದಾಗಿಂದ ಓಣ್ಯಾಗ ತಲಿ ಬಗ್ಗಿಸಿ ನಡದಾಕಿ. ಈಗ ವಾರದಿಂದ ತಲಿ ಎತ್ತಿ ನಡ್ಯಾಕತ್ತಾಳ. ಅದನ್ನ ನಾ ನೋಡೀನಲ್ಲೋ!” ಎಂದು ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಒಂದು ಉಪಾಯ ಹೊಳೆದು ಮುಖ ಅರಳಿತು. ಸರ್ಕಾರವೇ ಬೇಡ ಅಂದರೆ? ರಜೆ ಕೊಡುವುದಿಲ್ಲ ಅಂದರೆ, ಪಾಸ್‌ಪೋರ್ಟ್ ಕೊಡುವುದಿಲ್ಲ ಅಂದರೆ, ತಪ್ಪು ಸರ್ಕಾರದ್ದು. ಮೂಕಮ್ಮನ ತಲೆ ಎತ್ತಿದಂತೆಯೇ ಇರುತ್ತದೆ. ಸರ್ಕಾರ ಯಾವಾಗಲೂ ಬೇಡ ಅನ್ನುತ್ತದೆ ಎಂಬ ನಂಬಿಕೆಯಲ್ಲಿ ಹದಿನಾಲ್ಕು ವರ್ಷ ನೌಕರಿ ಮಾಡಿದವನು ಅವನು.

ತಹಸೀಲ್ದಾರ್ ಮರಿಸ್ವಾಮಿ ಮೈಸೂರು ಕಡೆಯವರು. ಎರಡು ದಿನ ಜ್ವರ ಅಂದರೂ ರಜೆ ಕೊಡದ ಮಹಾನುಭಾವರು. ಸುಂಕಪ್ಪ ಧೈರ್ಯವಾಗಿ ಅರ್ಜಿ ಇಟ್ಟ.

“ಯುರೋಪಿಗಾ!” ಎಂದು ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. “ನಮ್ಮ ಆಫೀಸಿಂದ ಒಬ್ಬ ಗುಮಾಸ್ತ ಯುರೋಪಿಗಾ? ಸುಂಕಪ್ಪ, ನೀವು ಇಷ್ಟು ದಿನ ಎಲ್ಲಿದ್ರಿ?”

“ಇಲ್ಲೇ ಇದ್ದೆ ಸಾರ್, ಬಂದ ಹೋದ ಕಾಗದ ಬರಿಯೋ ಆವಕ ಜಾವಕದ ಟೇಬಲಿನ್ಯಾಗ.”

“ರಜ ಮಂಜೂರು. ಪಾಸ್‌ಪೋರ್ಟ್ ಫಾರಂ ನಾನೇ ತರಿಸ್ತೀನಿ, ಸಹಿನೂ ನಾನೇ ಹಾಕ್ತೀನಿ.”

“ಸಾರ್, ಆಫೀಸಿನ್ಯಾಗ ಕೆಲಸ ಭಾಳ ಉಳದಾವ...”

“ನೀವು ಇದ್ರೂ ಉಳಿಯುತ್ತೆ ಬಿಡಿ” ಎಂದರು ಸಾಹೇಬರು.

ಇನ್ನು ಉಳಿದ ಆಸೆ ಪೊಲೀಸರದ್ದು. ನಡತೆಯ ವಿಚಾರಣೆಗೆ ಹೆಡ್ ಕಾನ್‌ಸ್ಟೇಬಲ್ ಪೀರಾ ಸಾಬ್ ಓಣಿಗೆ ಬಂದಾಗ ಸುಂಕಪ್ಪ ಮೂಲೆಯಲ್ಲೇ ಅವರ ಸೈಕಲ್ ಹಿಡಿದು ನಿಲ್ಲಿಸಿದ. “ಸಾಬ್ರ, ನನ್ನ ಮ್ಯಾಲ ಏನರ ಕೆಟ್ಟದ್ದು ಬರೀರಿ. ನಿಮಗ ಪುಣ್ಯ ಬರ್ತದ.”

ಪೀರಾ ಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಇಪ್ಪತ್ತು ವರ್ಷ ಸರ್ವಿಸಿನ್ಯಾಗ ಇದನ್ನ ಯಾರೂ ಕೇಳಿಲ್ಲಪಾ. ಏನ್ ಗುನ್ನಾ ಮಾಡಿದ್ದಿ?”

“ಹೈಸ್ಕೂಲಿನ ಅಟ್ಲಾಸ್ ವಾಪಸ್ ಕೊಟ್ಟಿಲ್ರೀ.”

“ಅದು ನನ್ನ ಮಗನೂ ಕೊಟ್ಟಿಲ್ಲ. ಮತ್ತ?”

ಮತ್ತೆ ಏನೂ ಇರಲಿಲ್ಲ. ಮೂವತ್ತಾರು ವರ್ಷದ ಬದುಕಿನಲ್ಲಿ ಒಂದು ನೆಟ್ಟಗಿನ ಅಪರಾಧವನ್ನೂ ಮಾಡಿಲ್ಲವಲ್ಲ ಎಂದು ಸುಂಕಪ್ಪ ಮೊದಲ ಬಾರಿಗೆ ಪಶ್ಚಾತ್ತಾಪಪಟ್ಟ. ಅಷ್ಟರಲ್ಲಿ ಓಣಿ ಪೀರಾ ಸಾಬರನ್ನು ಸುತ್ತುವರಿದಿತ್ತು.

“ಬಂಗಾರದಂಥ ಹುಡುಗ ಬರಕೋರಿ” ಎಂದಳು ರಂಜಾನಬಿ.

“ಕುಡಿಯಾಂಗಿಲ್ಲ, ಇಸ್ಪೀಟಾಡಾಂಗಿಲ್ಲ” ಎಂದಳು ಕನಕಮ್ಮ. ಅಳಿಯನ ಬಗ್ಗೆ ಅತ್ತೆಯೇ ಹೀಗೆ ಹೇಳಿದ ಮೇಲೆ ಇನ್ನೇನು ಸಾಕ್ಷಿ ಬೇಕು.

“ಹೊಡದಾಟ ಮಾಡ್ತೀನ್ರೀ ನಾ!” ಎಂದು ಸುಂಕಪ್ಪ ಗುಂಪಿನ ಹಿಂದಿನಿಂದ ಕೂಗಿದ. ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪೀರಾ ಸಾಬರು ನಗುತ್ತಲೇ ಬರೆದರು. ಅದರ ಒಕ್ಕಣೆಯನ್ನು ಆಮೇಲೆ ಅವರೇ ನನಗೆ ಹೇಳಿದ್ದು: “ನಡತೆ ಉತ್ತಮ. ಪರದೇಶದಲ್ಲಿ ತಲೆಮರೆಸಿಕೊಳ್ಳುವಷ್ಟು ಧೈರ್ಯ ಇಲ್ಲ.”

ಎರಡು ತಿಂಗಳಿಗೆ ರಿಜಿಸ್ಟರ್ಡ್ ಟಪಾಲಿನಲ್ಲಿ ಪಾಸ್‌ಪೋರ್ಟ್ ಬಂತು. ನಾನೇ ಒಯ್ದು ಕೊಟ್ಟೆ. ಹದಿನೆಂಟು ವರ್ಷದ ನನ್ನ ಸೇವೆಯಲ್ಲಿ ಸಾವಿನ ತಂತಿ ಕೊಟ್ಟಾಗಲೂ ಅಂಥ ಮುಖ ನೋಡಿರಲಿಲ್ಲ. ಮೂಕಮ್ಮ ಮಾತ್ರ ಆ ನೀಲಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಒಳಗಿನ ಮಗನ ಫೋಟೋಕ್ಕೆ ದೃಷ್ಟಿ ತೆಗೆದಳು.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಹಸೀಲ್ದಾರರು ಹಾರ ಹಾಕಿದರು. ಸಿದ್ದರಾಮಪ್ಪನೂ ಹಲ್ಲು ಕಚ್ಚಿಕೊಂಡು ಒಂದು ಹಾಕಿದ. ರಂಜಾನಬಿ ಒಂದು ಜಾಡಿ ಮಾವಿನ ಉಪ್ಪಿನಕಾಯಿ ಹಿಡಿದು ಬಂದಳು. ಆಕೆಯ ಅಳಿಯ ಕುವೈತಿನಲ್ಲಿ ಮೇಸ್ತ್ರಿ.

“ದಾರ್ಯಾಗ ಕುವೈತ್ ಬರ್ತದಂತಲ್ಲ, ಅಳಿಯಗ ಕೊಡಪಾ. ಇಮಾನು ಅಲ್ಲಿ ನಿಂದರಾಂಗಿಲ್ಲಂದ್ರ ಡ್ರೈವರಗ ಹೇಳಿ ಸ್ವಲ್ಪ ಮೆಲ್ಲಕ ಮಾಡ್ಸು. ನಮ್ಮ ದೇವದುರ್ಗದ ಬಸ್ಸಿನ್ಯಾಗ ಕೊಡಾಂಗಿಲ್ಲೇನು?”

ಸುಂಕಪ್ಪ ಜಾಡಿ ತೆಗೆದುಕೊಂಡ. ಆ ಹೊತ್ತಿಗೆ ಅವನು ಏನು ಕೊಟ್ಟರೂ ತೆಗೆದುಕೊಳ್ಳುವ ಸ್ಥಿತಿಯಲ್ಲಿದ್ದ. ಬುಟ್ಟಿಗಳಿಗೆ ಲಗೇಜ್ ಟಿಕೆಟ್ ಕೇಳಿದ ಕಂಡಕ್ಟರನಿಗೆ, “ವಿಲಾಯತಿ ರೊಟ್ಟಿಗಿ ಲಗೇಜ್ ಕೇಳ್ತಿಯೇನಲೇ?” ಎಂದು ಇಡೀ ನಿಲ್ದಾಣ ತಿರುಗಿಬಿತ್ತು. ಪಾಪ, ಅವನೇ ಟಾಪಿನ ಮೇಲೆ ಹತ್ತಿ ಬುಟ್ಟಿ ಬಿಗಿದ. ಮೂಕಮ್ಮ ಅಳಲಿಲ್ಲ. ಮಗನ ಕೆನ್ನೆ ಸವರಿ ತನ್ನ ತಲೆಗೆ ನೆಟಿಕೆ ಮುರಿದು, “ಹಸಗೊಂಡು ಕುಂದರಬ್ಯಾಡ” ಎಂದಳು ಅಷ್ಟೇ.

ಬುಟ್ಟಿ ಹೊರಲು ನಾನು ರಾಯಚೂರಿನವರೆಗೆ ಹೋದೆ. ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಸುಂಕಪ್ಪ ಟೈಂ ಟೇಬಲ್ ಬಗಲಲ್ಲಿಟ್ಟುಕೊಂಡು ಹಳಿಗಳತ್ತ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ, “ವೆಂಕೋಬ, ಹತ್ತೋದು ಹೆಂಗೋ?” ಅಂದ.

“ಏನು?”

“ರೈಲು.”

ನಾನು ಬುಟ್ಟಿಯ ಮೇಲೆಯೇ ಕೂತೆ. ಊರ ಮಂದಿಗೆಲ್ಲ ದಾರಿ ಹೇಳಿದ ಈ ಮಹಾರಾಯ ಜೀವನದಲ್ಲಿ ಒಂದು ಸಲವೂ ರೈಲು ಹತ್ತಿರಲಿಲ್ಲ! ಮಾನ್ವಿಯಿಂದ ರಾಯಚೂರು, ಮಾನ್ವಿಯಿಂದ ದೇವದುರ್ಗ, ಎಲ್ಲಾ ಬಸ್ಸಿನಲ್ಲೇ ಮುಗಿದಿತ್ತು. ಹಣವಿದ್ದಾಗ ರಜೆ ಇಲ್ಲ, ರಜೆ ಇದ್ದಾಗ ಹಣವಿಲ್ಲ. ಗುಂತಕಲ್ಲಿನ ಸೇತುವೆಯನ್ನು ಅವನು ಕಂಡದ್ದು ಬೇರೆಯವರ ಬಾಯಲ್ಲಿ.

“ನಡಿ, ವಾಪಸ್ ಹೋಗೂನು. ನಾ ಬರ್ತೀನಿ ನಿನ್ನ ಜೋಡಿ” ಅಂದೆ. ಹೊಟ್ಟೆ ಉರಿಯೆಲ್ಲ ಎಲ್ಲಿ ಹೋಯಿತೋ, ನನಗೆ ಅವನ ಮೇಲೆ ಅಂತಃಕರಣ ಬಂದುಬಿಟ್ಟಿತ್ತು.

“ಬುತ್ತಿ ಕಟ್ಯಾಳಲ್ಲೋ ಅವ್ವ” ಎಂದ ಸುಂಕಪ್ಪ. ಟೈಂ ಟೇಬಲ್ ತೆಗೆದು ಹಿಂದಿನ ಪುಟ ತಿರುವಿದ. ಸುತ್ತು ಪ್ರಯಾಣದ ಟಿಕೆಟ್ ಅಂತ ಒಂದು ಇತ್ತು. ಹೊರಟ ಊರಿಗೇ ಬಂದು ಮುಟ್ಟುವ ಟಿಕೆಟ್, ಕಮ್ಮಿ ದರ, ನಡುವೆ ಇಳಿದು ಹತ್ತಬಹುದು. ಮುಂಬಯಿ, ನಾಗಪುರ, ಕಲಕತ್ತಾ, ಮದ್ರಾಸ್, ಗುಂತಕಲ್, ರಾಯಚೂರು. ರಾತ್ರಿ ರೈಲಿನಲ್ಲಿ ಮಲಗುವುದು, ಹಗಲು ಊರು ನೋಡುವುದು, ಸ್ನಾನ ನಳದ ಕೆಳಗೆ. ನೋಟ್‌ಬುಕ್ಕಿನ ಯುರೋಪನ್ನು ಅವನು ಹಾಗೇ ಎತ್ತಿ ಹಿಂದೂಸ್ತಾನದ ಮೇಲೆ ಇಟ್ಟ. ಮುಂಬಯಿ ಮೇಲ್ ಬಂತು. ಒಂದು ಕೈಯಲ್ಲಿ ಜಾಡಿ ಅವಚಿಕೊಂಡು ಹತ್ತಿದ. ಬುಟ್ಟಿಗಳನ್ನು ಒಳಗೆ ದಬ್ಬುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು.

ಇಪ್ಪತ್ತೊಂದು ದಿನ ಗುಟ್ಟು ಕಾಯುವುದು ಅಂದರೇನು ಎಂದು ಪೋಸ್ಟ್‌ಮನ್ನನ್ನು ಕೇಳಿ. ದಿನಾ ಮೂಕಮ್ಮ ಹಾದಿಗೆ ಅಡ್ಡ ನಿಂತು, “ಇವತ್ತು ಯಾವ ಊರಾಗ ಅದಾನಪಾ?” ಅನ್ನುತ್ತಿದ್ದಳು. ನಾನು ನೋಟ್‌ಬುಕ್ಕಿನ ನೆನಪಿನ ಮೇಲೆ ವಿಯೆನ್ನಾ ಅನ್ನುತ್ತಿದ್ದೆ, ಪ್ಯಾರಿಸ್ ಅನ್ನುತ್ತಿದ್ದೆ. ಒಂದು ದಿನ ತಪ್ಪಿ ನಾಗಪುರ ಅಂದೆ. “ಅದೂ ವಿಲಾಯತಿನ್ಯಾಗ ಅದ ಏನು?” ಎಂದಳು. ಅದ, ಅಂದೆ.

ಹದಿನೇಳನೆಯ ದಿನ ಕುವೈತಿನಿಂದ ರಂಜಾನಬಿಗೆ ಪತ್ರ ಬಂತು. ನಾನೇ ಓದಿ ಹೇಳಿದೆ. ನಂಬಿಕೆಯಾಗದೆ ಎರಡು ಸಲ ಓದಿದೆ. “ಉಪ್ಪಿನಕಾಯಿ ಮುಟ್ಟಿತು. ಭಾಳ ಚಲೋ ಅದ. ಕಳಿಸಿದ ಸುಂಕಪ್ಪ ಅಣ್ಣಗ ಸಲಾಂ ಹೇಳ್ರಿ.”

ಹೇಗೆ ಮುಟ್ಟಿತೋ ನನಗೆ ತಿಳಿಯಲಿಲ್ಲ. ಸುಂಕಪ್ಪ ಮುಂಬಯಿಯಲ್ಲಿ ವಿಮಾನ ನಿಲ್ದಾಣದ ಬಾಗಿಲಲ್ಲಿ ಅರ್ಧ ದಿನ ನಿಂತು, ಕುವೈತಿಗೆ ಹೊರಟ ಒಬ್ಬ ಬಡಗಿಗೆ ನಾಲ್ಕು ರೊಟ್ಟಿ ತಿನ್ನಿಸಿ ಜಾಡಿ ಒಪ್ಪಿಸಿದ್ದು ಆಮೇಲೆ ತಿಳಿಯಿತು. ಓಣಿಗೆ ಮಾತ್ರ ಎಲ್ಲಾ ಸಾಬೀತಾಗಿಹೋಯಿತು. ರಂಜಾನಬಿ ಪತ್ರವನ್ನು ಮೂಕಮ್ಮನ ಕೈಗೇ ಕೊಟ್ಟಳು. ಓದು ಬಾರದ ಮೂಕಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಿಕ್ಕಸಿಕ್ಕವರಿಗೆಲ್ಲ ತೆಗೆದು ತೋರಿಸುತ್ತಿದ್ದಳು.

ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ರಾಯಚೂರು ಬಸ್ಸಿನಿಂದ ಸುಂಕಪ್ಪ ಇಳಿದ. ಕಲ್ಲಿದ್ದಲ ಹೊಗೆಗೆ ಕರ್ರಗಾಗಿದ್ದ. ಬುಟ್ಟಿಗಳು ಖಾಲಿ. ಹಲಗೆ ಬಾರಿಸುತ್ತ ಓಣಿಗೆ ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿದರು. ತಹಸೀಲ್ದಾರರು, “ಈಗ ಸುಂಕಪ್ಪನವರು ಲಂಡನ್ ಬಗ್ಗೆ ಎರಡು ಮಾತಾಡ್ತಾರೆ” ಎಂದು ಸಾರಿದರು.

ಸುಂಕಪ್ಪ ಎದ್ದ. ಎದುರಿಗೆ ಹೊಸ ಸೀರೆ ಉಟ್ಟು, ಕುವೈತಿನ ಪತ್ರ ಹಿಡಿದು, ತಲೆ ಎತ್ತಿ ಕೂತ ತಾಯಿ. ಅವನು ಒಂದು ಸಲ ಆಕೆಯನ್ನು ನೋಡಿದ.

“ಯವ್ವಾ, ನಾ ವಿಲಾಯತಿಗಿ ಹೋಗಿಲ್ಲ. ಹೋಗೋ ತಾಕತ್ತೂ ಇದ್ದಿದ್ದಿಲ್ಲ. ಬರೇ ನಮ್ಮ ರೈಲಿನ್ಯಾಗ ತಿರುಗಾಡಿ ಬಂದೀನಿ. ನಿನಗ ಸುಳ್ಳು ಹೇಳಿದೆ ಬೇ” ಎಂದು ಎಲ್ಲರೆದುರಿಗೇ ಅತ್ತುಬಿಟ್ಟ.

 “ನಾನು ಏನೂ ಕೇಳಿಸಿಕೊಂಡಿಲ್ಲ” ಎಂದು ತಹಸೀಲ್ದಾರರು ಎದ್ದು ಜೀಪು ಹತ್ತಿದರು. ಸಿದ್ದರಾಮಪ್ಪನ ಮುಖದಲ್ಲಿ ದೀಪ ಹತ್ತಿತು. 

ಮೊದಲು ಬಾಯಿ ಬಿಟ್ಟವಳು ಕನಕಮ್ಮ. “ಅದಿರ್ಲಿ ಅಳಿಯಂದ್ರ. ನಮ್ಮ ದೇವದುರ್ಗದ ರೊಟ್ಟಿ ಒಂದರ ಮುರದಿತ್ತೇನು?”

“ಇಲ್ಲತ್ತಿ, ಒಂದೂ ಮುರದಿಲ್ಲ.”

“ನಮ್ಮವು ಮುರದಾವ ಅಂತ ಹೇಳಾಕತ್ತೀಯೇನು?” ಎಂದು ರಂಜಾನಬಿ ಎದ್ದಳು. “ಯಾರ್ಯಾರು ತಿಂದ್ರು? ಏನಂದ್ರು? ಮದ್ಲ ಅದನ್ನ ಹೇಳು!”

ಸುಂಕಪ್ಪ ಕಣ್ಣೊರೆಸಿಕೊಂಡು ಹೇಳತೊಡಗಿದ. ನಾಗಪುರದ ಆಚೆ ಒಬ್ಬ ಸಿಪಾಯಿ ಹತ್ತು ತಿಂದ. ಕಲಕತ್ತಾದ ದಾರಿಯಲ್ಲಿ ಗಾಡಿ ಒಂದಿಡೀ ದಿನ ಅಡವಿಯಲ್ಲಿ ನಿಂತಾಗ ಎರಡು ಬೋಗಿಯ ಮಂದಿಗೆ ಇನ್ನೂರು ಹಂಚಿದ. ಒಬ್ಬ ಬಂಗಾಲಿ ಅಜ್ಜಿ ಹಲ್ಲಿಲ್ಲದೆ ನೀರಲ್ಲಿ ನೆನೆಸಿ ತಿಂದಳು. “ಅದು ಯಾರ ಮನಿ ರೊಟ್ಟಿ?” “ನೆನಸಿದ್ದು ತೆಳ್ಳಂದೋ ದಪ್ಪಂದೋ?” ಎಂದು ಹೆಂಗಸರು ಮೂರು ಪಂಗಡವಾಗಿ ಗದ್ದಲಕ್ಕೆ ಬಿದ್ದರು. ವಿಲಾಯತಿ ಯಾರಿಗೂ ಬೇಕಿರಲಿಲ್ಲ. ಸಿದ್ದರಾಮಪ್ಪ ಮಾತ್ರ ಬಿಡಲಿಲ್ಲ. “ಅಲ್ಲಬೇ ಮೂಕಮ್ಮ, ಇಂವ ಎಲ್ಲಿಗೂ ಹೋಗಿಲ್ಲಂತಲ್ಲ! ಏನಂತಿ ಈಗ?” ಎಂದು ದನಿ ಏರಿಸಿದ.

ಮೂಕಮ್ಮ ಎದ್ದು ಬಂದಳು. ಕುವೈತಿನ ಪತ್ರವನ್ನು ರಂಜಾನಬಿಯ ಕೈಗೆ ವಾಪಸು ಕೊಟ್ಟು, ಮಗನ ಮುಖದ ಮಸಿಯನ್ನು ಸೆರಗಿನಿಂದ ಒರೆಸಿದಳು.

“ಕುಂದರಾಕ ಜಾಗ ಸಿಕ್ಕಿತ್ತೇನಪಾ?”

“ಸಿಕ್ಕಿತ್ತು ಯವ್ವಾ.”

“ಕಿಡಕಿ ಬಾಜೂಕ?”

“ಹೂಂ, ಕಿಡಕಿ ಬಾಜೂಕನ.”

“ಎಷ್ಟ್ ದಿನ?”

“ಇಪ್ಪತ್ತೊಂದು ದಿನಾನೂ.”

ಮೂಕಮ್ಮ ಓಣಿಯ ಕಡೆ ತಿರುಗಿದಳು. ತಲೆ ಒಂದು ಬೆರಳಿನಷ್ಟೂ ಬಗ್ಗಿರಲಿಲ್ಲ.

“ಕೇಳಿದ್ರಿಲ್ಲ? ನನ್ನ ಮಗ ಇಪ್ಪತ್ತೊಂದು ದಿನ ಕಿಡಕಿ ಬಾಜೂಕ ಕುಂತು ಬಂದಾನ. ಸಿದ್ದರಾಮಪ್ಪ, ನೀ ಕಾಶಿಗಿ ಹೋಗುವಾಗ ಎಲ್ಲಿ ಕುಂತಿದ್ದೆಪಾ?”

ಸಿದ್ದರಾಮಪ್ಪ ಕಾಶಿಯವರೆಗೂ ಪಾಯಖಾನೆಯ ಬಾಗಿಲ ಬಳಿ ನಿಂತೇ ಹೋಗಿದ್ದನಂತೆ. ಅವನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಮನೆಗೆ ಹೋದ.